ನಾವು ತಯಾರಿಸಿದ ಕರೆಂಟಿಗೆ ಕಂಬದ ದಾರಿ
ಹೊಸ ವಿದ್ಯುತ್ ಘಟಕಗಳ ಜೋಡಣೆ: ಕಾನೂನು ಎಲ್ಲಿಂದ ಬಂತು, ಬೆಳೆಗಾರರಿಗೆ ಏನು ಕೊಟ್ಟಿದೆ?

ಅಡಿಕೆ ಅಂಗಳದ ಪಕ್ಕದ ತಗಡಿನ ಮಾಡಿನ ಮೇಲೆ, ಕಾಫಿ ಗೋದಾಮಿನ ಚಾವಣಿಯ ಮೇಲೆ ಸೌರ ಫಲಕ ಹಾಕಿಸಬಹುದೇ ಎಂದು ಸಂಘದ ಕಚೇರಿಗೆ ಬಂದು ವಿಚಾರಿಸುವ ಸದಸ್ಯರು ಈಚಿನ ವರ್ಷಗಳಲ್ಲಿ ಹೆಚ್ಚಾಗಿದ್ದಾರೆ. ಖರ್ಚೆಷ್ಟು, ಸಹಾಯಧನವೆಷ್ಟು, ಸಾಲ ಸಿಗುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ಎಲ್ಲರೂ ಕೇಳುತ್ತಾರೆ. ನಮ್ಮಲ್ಲಿ ಹೆಚ್ಚಾಗಿ ಉಳಿದ ಕರೆಂಟನ್ನು ಊರಿನ ಲೈನು ತೆಗೆದುಕೊಳ್ಳಲೇಬೇಕೆಂಬ ನಿಯಮವಿದೆಯೇ, ತಂತಿ ಮತ್ತು ಟ್ರಾನ್ಸ್‌ಫಾರ್ಮರಿನ ಖರ್ಚು ಯಾರ ತಲೆಯ ಮೇಲೆ, ಹಾಕಿದ ಅರ್ಜಿಗೆ ಎಷ್ಟು ದಿನದೊಳಗೆ ಉತ್ತರ ಬರಬೇಕು ಎಂಬ ಇನ್ನು ಮೂರು ಪ್ರಶ್ನೆಗಳನ್ನು ಕೇಳುವವರು ವಿರಳ.

ಕೊನೆಯಲ್ಲಿ ಲಾಭ-ನಷ್ಟವನ್ನು ತೀರ್ಮಾನಿಸುವುದು ಈ ಎರಡನೆಯ ಮೂರು ಪ್ರಶ್ನೆಗಳೇ ಎಂಬುದು ನಮ್ಮ ಅಭಿಪ್ರಾಯ. ಕಳೆದ ಹದಿನೈದು ವರ್ಷಗಳಲ್ಲಿ ಫಲಕದ ಬೆಲೆ ಬಹಳಷ್ಟು ಇಳಿದಿದೆ. ಆದರೆ ಕಂಬದ ದಾರಿ ಕಾನೂನು ತೆರೆದಷ್ಟೇ ತೆರೆಯುತ್ತದೆ. ಆ ಕಾನೂನು ಬೇರೆ ದೇಶಗಳಲ್ಲಿ ಹೇಗೆ ಹುಟ್ಟಿತು, ನಮ್ಮಲ್ಲಿ ಎಲ್ಲಿಗೆ ಬಂದು ನಿಂತಿದೆ, ನಮ್ಮಂತಹ ಸಣ್ಣ ಹಿಡುವಳಿದಾರರು ಅದರಿಂದ ಏನು ಪಡೆಯಬಹುದು ಎಂಬುದನ್ನು ಸದಸ್ಯರ ಮುಂದಿಡುವುದು ಈ ಲೇಖನದ ಉದ್ದೇಶ.

ಕೊಳ್ಳುವವನು ಒಬ್ಬನೇ ಆದಾಗ

ಕೊಳ್ಳುವವನು ಒಬ್ಬನೇ ಇದ್ದರೆ ಬೆಳೆದವನ ಪಾಡೇನು ಎಂಬುದನ್ನು ಕಾಫಿ, ಅಡಿಕೆ ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆ ವ್ಯಾಪಾರ ಖಾಸಗಿಯವರ ಕೈಯಲ್ಲೇ ಇದ್ದು ಧಾರಣೆ ಕುಸಿದ ಕಾಲದಲ್ಲಿ, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಕಾಫಿಯ ಕಥೆ ಇದಕ್ಕೆ ತಿರುವುಮುರುವು. 1942ರ ಕಾಯಿದೆಯಂತೆ ಬೆಳೆದ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೇ ಕೊಡಬೇಕಿತ್ತು, ಮಂಡಳಿಯೂ ಅದನ್ನು ತೆಗೆದುಕೊಳ್ಳಬೇಕಿತ್ತು. 1990ರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲವಾಗಿ 1996ರಲ್ಲಿ ಪೂರ್ತಿ ಬಿಚ್ಚಿತು. ಪೂಲಿನ ಬಗ್ಗೆ ನಮ್ಮ ಹಿರಿಯರಲ್ಲಿ ಎರಡು ಅಭಿಪ್ರಾಯಗಳಿದ್ದರೂ ಒಂದು ಮಾತನ್ನು ಎಲ್ಲರೂ ಒಪ್ಪುತ್ತಾರೆ: ಒಂದು ಮೂಟೆ ಕಳಿಸಿದವನ ಮಾಲೂ ನೂರು ಮೂಟೆ ಕಳಿಸಿದವನ ಮಾಲೂ ಅಲ್ಲಿ ವಾಪಸು ಬರುತ್ತಿರಲಿಲ್ಲ.

ವಿದ್ಯುತ್ತಿನ ಸ್ಥಿತಿ ಇನ್ನೂ ಬಿಗಿಯಾದುದು. ಚಾಲಿ ಅಡಿಕೆಯನ್ನು ಅಟ್ಟಕ್ಕೆ ಏರಿಸಿ ಧಾರಣೆ ಬರುವ ತನಕ ಕಾಯಬಹುದು. ಕರೆಂಟು ಹುಟ್ಟಿದ ಕ್ಷಣದಲ್ಲೇ ಖರ್ಚಾಗಬೇಕು, ಇಲ್ಲವೇ ದುಬಾರಿ ಬ್ಯಾಟರಿಗೆ ಹೋಗಬೇಕು. ಊರಿಗೆ ಬರುವ ತಂತಿಯೂ ಒಂದೇ. ಅದರ ಪಕ್ಕದಲ್ಲಿ ಇನ್ನೊಬ್ಬರು ಇನ್ನೊಂದು ಸಾಲು ಕಂಬ ನೆಡುವುದು ಸಾಧ್ಯವಿಲ್ಲ, ನೆಟ್ಟರೂ ಅದು ದೇಶಕ್ಕೆ ದಂಡ. ಆದ್ದರಿಂದ ತಂತಿಯ ಯಜಮಾನ 'ಬೇಡ' ಎಂದರೆ ಸಣ್ಣ ಉತ್ಪಾದಕನಿಗೆ ಬೇರೆ ಅಂಗಡಿಯೇ ಇಲ್ಲ. ಇಲ್ಲಿ ಕಾನೂನು ನಡುವೆ ಬರಬೇಕಾಗುತ್ತದೆ.

ತಂತಿಯವರ ಪಕ್ಷವೂ ಇದೆ

ತಂತಿಯ ಯಜಮಾನ 'ಬೇಡ' ಎನ್ನುವುದೆಲ್ಲ ಹಟದಿಂದಲೇ ಎಂದು ತಿಳಿಯಬಾರದು. ವಿದ್ಯುತ್ ಜಾಲವೆಂದರೆ ಒಂದೇ ತಾಳಕ್ಕೆ ತಿರುಗುವ ಸಾವಿರಾರು ಯಂತ್ರಗಳ ಕೂಟ. ನಮ್ಮ ದೇಶದಲ್ಲಿ ಆ ತಾಳ ಸೆಕೆಂಡಿಗೆ 50 ಆವರ್ತ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ನಡುವಿನ 765 ಕೆ.ವಿ. ಮಾರ್ಗದ ಮೂಲಕ ದಕ್ಷಿಣದ ಜಾಲವೂ ಉಳಿದ ದೇಶದ ಜಾಲಕ್ಕೆ ಸೇರಿ, ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದೇ ತಾಳವಾಯಿತು. ಅದಕ್ಕೆ ಮುಂಚೆ 2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ, ಈಶಾನ್ಯ ಭಾರತದಲ್ಲಿ ಜಾಲ ಕುಸಿದು ಕೋಟ್ಯಂತರ ಜನ ಕತ್ತಲಲ್ಲಿ ಕುಳಿತದ್ದನ್ನು ಓದುಗರು ಮರೆತಿರಲಾರರು. ತಾಳ ತಪ್ಪುವ ಯಂತ್ರವನ್ನು ಜಾಲಕ್ಕೆ ಸೇರಿಸಿಕೊಳ್ಳಬಾರದೆಂಬ ಎಚ್ಚರಿಕೆ ನ್ಯಾಯವಾದುದೇ.

ಇನ್ನೊಂದು ಸಂಗತಿ ನಮ್ಮ ಮಲೆನಾಡಿಗೇ ಸಂಬಂಧಿಸಿದ್ದು. ನಮ್ಮ ಎಲ್.ಟಿ. ಲೈನುಗಳು ತೋಟದಿಂದ ತೋಟಕ್ಕೆ, ಗುಡ್ಡದಿಂದ ಗುಡ್ಡಕ್ಕೆ ಬಹುದೂರ ಎಳೆದವು. ಸಂಜೆ ಎಲ್ಲರೂ ದೀಪ, ಪಂಪು ಹಾಕಿದಾಗ ಲೈನಿನ ತುದಿಯ ಮನೆಯಲ್ಲಿ ವೋಲ್ಟೇಜು ಬೀಳುವುದನ್ನು ನಾವು ದಿನವೂ ಕಾಣುತ್ತೇವೆ. ತುದಿಯಲ್ಲಿರುವ ನಾಲ್ಕಾರು ಮಂದಿ ಮಧ್ಯಾಹ್ನದ ಬಿಸಿಲಿನಲ್ಲಿ ಒಟ್ಟಿಗೆ ಕರೆಂಟು ಹಿಂದಕ್ಕೆ ತಳ್ಳಿದರೆ ಆಗುವುದು ಇದರ ವಿರುದ್ಧ: ವೋಲ್ಟೇಜು ಏರುತ್ತದೆ. ಮಿತಿ ಮೀರಿದರೆ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. 25 ಕೆ.ವಿ.ಎ. ಟ್ರಾನ್ಸ್‌ಫಾರ್ಮರಿನ ಕೆಳಗೆ ಎಷ್ಟು ಬೇಕಾದರೂ ಫಲಕ ಹಾಕಲು ಬರುವುದಿಲ್ಲ. ಅಂದಮೇಲೆ ಯಾರಿಗೆ ಜಾಗ, ಯಾರಿಗೆ ಇಲ್ಲ, ಜಾಗ ಹೆಚ್ಚಿಸುವ ಖರ್ಚು ಯಾರದು ಎಂಬ ಪ್ರಶ್ನೆ ಏಳಲೇಬೇಕು.

ಎಲ್ಲ ದೇಶಗಳ ಕಾನೂನುಗಳನ್ನೂ ಈ ಒಂದು ಒರೆಗಲ್ಲಿಗೆ ಉಜ್ಜಿ ನೋಡಬಹುದು. ಜಾಲ ತೆಗೆದುಕೊಳ್ಳಲೇಬೇಕೇ? ಖರ್ಚು ಯಾರದು? ಎಷ್ಟು ದಿನದೊಳಗೆ? ಈ ಮೂರಕ್ಕೂ ಬರವಣಿಗೆಯಲ್ಲಿ ಉತ್ತರ ಕೊಟ್ಟ ಕಡೆ ಸಣ್ಣವನು ಬದುಕಿದ್ದಾನೆ. ಒಂದನ್ನು ಬಿಟ್ಟರೂ ಅಲ್ಲೇ ತೊಡಕು ಹುಟ್ಟಿದೆ.

ಅಮೆರಿಕೆಯ ಮೊದಲ ಹೆಜ್ಜೆ

ಸಣ್ಣ ಉತ್ಪಾದಕರ ಕರೆಂಟನ್ನು ದೊಡ್ಡ ಕಂಪನಿ ಕೊಳ್ಳಲೇಬೇಕೆಂದು ಹೇಳಿದ ಮೊದಮೊದಲ ಕಾನೂನುಗಳಲ್ಲಿ ಮುಖ್ಯವಾದುದು ಅಮೆರಿಕದ 1978ರದು. ಎಣ್ಣೆಯ ಬೆಲೆ ಏರಿದ ಕಾಲ. ಅಧ್ಯಕ್ಷ ಜಿಮ್ಮಿ ಕಾರ್ಟರ್ ಆ ವರ್ಷದ ನವೆಂಬರಿನಲ್ಲಿ ಅದಕ್ಕೆ ಸಹಿ ಹಾಕಿದರು. 80 ಮೆಗಾವ್ಯಾಟ್‌ವರೆಗಿನ ನವೀಕರಿಸಬಹುದಾದ ಮೂಲಗಳ ಘಟಕಗಳಿಗೂ, ಶಾಖ ಮತ್ತು ವಿದ್ಯುತ್ ಎರಡನ್ನೂ ತೆಗೆಯುವ ಕಾರ್ಖಾನೆಗಳಿಗೂ ಅದು ಬಾಗಿಲು ತೆರೆಯಿತು. ಬೆಲೆಯ ಸೂತ್ರ ಸರಳ: ಅದೇ ಕರೆಂಟನ್ನು ಕಂಪನಿ ತಾನೇ ತಯಾರಿಸಿದ್ದರೆ ಅಥವಾ ಬೇರೆಡೆ ಕೊಂಡಿದ್ದರೆ ಎಷ್ಟು ಖರ್ಚಾಗುತ್ತಿತ್ತೋ ಅಷ್ಟು ಕೊಡಬೇಕು. ಆ 'ಎಷ್ಟು' ಎಂಬುದನ್ನು ಲೆಕ್ಕ ಹಾಕುವುದು ಆಯಾ ರಾಜ್ಯದ ಆಯೋಗಗಳ ಪಾಲಿಗೆ ಬಂದುದರಿಂದ ಒಂದು ರಾಜ್ಯದಲ್ಲಿ ಒಳ್ಳೆಯ ದರ, ಪಕ್ಕದ ರಾಜ್ಯದಲ್ಲಿ ಕನಿಷ್ಠ ದರ ಎಂಬಂತಾಯಿತು.

ಬವೇರಿಯದ ಹಳ್ಳದವರು

ನಮಗೆ ಇನ್ನೂ ಹತ್ತಿರವಾಗಿ ಕಾಣುವ ಕಥೆ ಜರ್ಮನಿಯದು. ಅಲ್ಲಿಯ ದಕ್ಷಿಣದ ಬವೇರಿಯ ನಮ್ಮ ಹಾಗೆ ಗುಡ್ಡಗಾಡು, ಹಳ್ಳ-ತೊರೆಗಳ ನಾಡು. ಹಿಂದೆ ಹಿಟ್ಟಿನ ಗಿರಣಿ, ಮರ ಕೊಯ್ಯುವ ಗಿರಣಿಗಳನ್ನು ತಿರುಗಿಸುತ್ತಿದ್ದ ತೊರೆಗಳಿಗೆ ಕಿರು ಟರ್ಬೈನು ಕೂಡಿಸಿ ಕರೆಂಟು ತೆಗೆಯುತ್ತಿದ್ದ ಕುಟುಂಬಗಳು ಅಲ್ಲಿ ಬಹಳ. ಮನೆಗೆ ಬೇಕಾದದ್ದು ಬಳಸಿ ಉಳಿದದ್ದನ್ನು ಲೈನಿಗೆ ಬಿಟ್ಟರೆ ಕಂಪನಿ ಕೊಡುತ್ತಿದ್ದ ಬೆಲೆ ತೀರಾ ಕಡಿಮೆ. ಅದು ಸಾಲದೆ ಅನೇಕ ಘಟಕಗಳು ಮುಚ್ಚಿಹೋದವು.

ಇವರ ಅಹವಾಲನ್ನು ಸಂಸತ್ತಿಗೆ ಒಯ್ದವರು ಇಬ್ಬರು. ಬವೇರಿಯದ ಸಂಪ್ರದಾಯವಾದಿ ಪಕ್ಷದ ಮಥಿಯಾಸ್ ಎಂಗೆಲ್ಸ್‌ಬರ್ಗರ್ ಒಬ್ಬರು. ಪರಿಸರವಾದಿಗಳ ಗ್ರೀನ್ ಪಕ್ಷದ ವೋಲ್ಫ್‌ಗಾಂಗ್ ಡೇನಿಯಲ್ಸ್ ಇನ್ನೊಬ್ಬರು. ಬೇರೆಲ್ಲ ವಿಷಯಗಳಲ್ಲಿ ಎಣ್ಣೆ-ಸೀಗೆಯಂತಿದ್ದ ಎರಡು ಪಕ್ಷಗಳವರು ಹಳ್ಳದ ಕರೆಂಟಿನ ವಿಷಯದಲ್ಲಿ ಕೈಜೋಡಿಸಿದರು. 1990ರಲ್ಲಿ ಪೂರ್ವ-ಪಶ್ಚಿಮ ಜರ್ಮನಿಗಳು ಒಂದಾಗುತ್ತಿದ್ದ ಸಂದರ್ಭ. ದೊಡ್ಡ ವಿದ್ಯುತ್ ಕಂಪನಿಗಳ ಗಮನವೆಲ್ಲ ಪೂರ್ವದ ವಿದ್ಯುತ್ ಕೇಂದ್ರಗಳ ಮೇಲಿತ್ತು. ಈ ಗಡಿಬಿಡಿಯಲ್ಲಿ ಕೇವಲ ಐದು ಕಲಮುಗಳ ಒಂದು ಪುಟ್ಟ ಕಾಯಿದೆ ಅಂಗೀಕಾರವಾಗಿ 1991ರ ಜನವರಿ 1ರಿಂದ ಜಾರಿಗೆ ಬಂತು.

ಅದರ ಸಾರ ಇಷ್ಟೇ. ತನ್ನ ಪ್ರದೇಶದಲ್ಲಿ ನೀರು, ಗಾಳಿ, ಬಿಸಿಲು ಮುಂತಾದವುಗಳಿಂದ ತಯಾರಾದ ಕರೆಂಟನ್ನು ಕಂಪನಿ ತೆಗೆದುಕೊಳ್ಳಲೇಬೇಕು. ಬಳಕೆದಾರರಿಂದ ಸರಾಸರಿ ಎಷ್ಟು ವಸೂಲಾಗುತ್ತದೋ ಅದರಲ್ಲಿ ಗಾಳಿ ಮತ್ತು ಬಿಸಿಲಿನ ಕರೆಂಟಿಗೆ ಶೇ. 90, ಸಣ್ಣ ಜಲವಿದ್ಯುತ್ತಿಗೆ ಶೇ. 75 ಕೊಡಬೇಕು. ಜಲವಿದ್ಯುತ್ತಿಗೆ ಈ ಪೂರ್ತಿ ದರ 500 ಕಿಲೋವ್ಯಾಟ್‌ವರೆಗೆ. 5 ಮೆಗಾವ್ಯಾಟ್ ಮೀರಿದ ಜಲವಿದ್ಯುತ್ ಕೇಂದ್ರಗಳಿಗೆ ಕಾಯಿದೆ ಅನ್ವಯವೇ ಇಲ್ಲ. ಅಂದರೆ ಅದು ಬರೆದದ್ದೇ ಸಣ್ಣವರಿಗಾಗಿ.

ನಮ್ಮ ಮೂರು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಹೀಗೆ ಖಚಿತ ಉತ್ತರ ಸಿಕ್ಕಿತು. ಉಳಿದ ಎರಡಕ್ಕೆ ಸಿಗಲಿಲ್ಲ. ತಂತಿ ಎಳೆಯುವ, ಟ್ರಾನ್ಸ್‌ಫಾರ್ಮರ್ ದೊಡ್ಡದು ಮಾಡುವ ಖರ್ಚು ಯಾರದೆಂದು ಕಾಯಿದೆ ಹೇಳಿರಲಿಲ್ಲ. ಅದರ ಮೇಲೆ ವ್ಯಾಜ್ಯಗಳಾದವು. ಗಾಳಿ ಹೆಚ್ಚಿರುವ ಉತ್ತರದ ಕಡಲತೀರದ ಕಂಪನಿಗಳ ಮೇಲೆ ಹೊರೆಯೆಲ್ಲ ಬಿದ್ದುದರಿಂದ 1998ರಲ್ಲಿ ಶೇ. 5ರ ಮಿತಿಯೊಂದನ್ನು ಸೇರಿಸಬೇಕಾಯಿತು. ಇದು ಕಂಪನಿಗಳಿಂದ ಕಸಿದು ಕೊಡುವ ಸರ್ಕಾರಿ ನೆರವೆಂಬ ತಕರಾರು ಯುರೋಪಿನ ನ್ಯಾಯಾಲಯದವರೆಗೂ ಹೋಯಿತು. ಹಾಗಲ್ಲವೆಂದು ಆ ನ್ಯಾಯಾಲಯ 2001ರ ಮಾರ್ಚಿನಲ್ಲಿ ತೀರ್ಪಿತ್ತಿತು.

ಅಷ್ಟರಲ್ಲಿ, 2000ದ ಏಪ್ರಿಲ್ 1ರಿಂದ, ಹೊಸ ಕಾಯಿದೆ ಬಂದಿತ್ತು. ಹಳೆಯದರಲ್ಲಿ ಬಿಟ್ಟುಹೋದುದನ್ನು ಅದು ತುಂಬಿತು. ಘಟಕವನ್ನು ಜಾಲಕ್ಕೆ ಜೋಡಿಸಿ ಅದರ ಕರೆಂಟನ್ನು ಆದ್ಯತೆಯ ಮೇಲೆ ತೆಗೆದುಕೊಳ್ಳಬೇಕು. ಘಟಕದಿಂದ ಜಾಲದ ಹತ್ತಿರದ ತಕ್ಕ ಬಿಂದುವಿನವರೆಗಿನ ಖರ್ಚು ಘಟಕದವನದು. ಅಲ್ಲಿಂದಾಚೆ ಜಾಲವನ್ನು ಬಲಪಡಿಸುವ ಖರ್ಚು ಜಾಲದವನದು. ದರ ಇಪ್ಪತ್ತು ವರ್ಷಕ್ಕೆ ನಿಶ್ಚಿತ. ಹೊರೆ ಇಡೀ ದೇಶಕ್ಕೆ ಹಂಚಿಕೆ. 2000ದಲ್ಲಿ ಆ ದೇಶದ ವಿದ್ಯುತ್ ಬಳಕೆಯಲ್ಲಿ ನವೀಕರಿಸಬಹುದಾದ ಮೂಲಗಳ ಪಾಲು ಸುಮಾರು ಶೇ. 6 ಇದ್ದುದು 2023ರಲ್ಲಿ ಅರ್ಧಕ್ಕಿಂತ ಹೆಚ್ಚಾಯಿತು. ಹೀಗೆ ಬೆಳೆದ ಮೇಲೆ ದೊಡ್ಡ ಘಟಕಗಳಿಗೆ ನಿಶ್ಚಿತ ದರವನ್ನು ತೆಗೆದು ಹರಾಜಿನ ಪದ್ಧತಿ ತಂದರು. ಸಣ್ಣವರ ಜೋಡಣೆಯ ಹಕ್ಕನ್ನು ಮಾತ್ರ ಮುಟ್ಟಲಿಲ್ಲ.

ನಮ್ಮ ದೇಶದ ದಾರಿ

ಕರ್ನಾಟಕಕ್ಕೆ ವಿದ್ಯುತ್ತು ಹೊಸದಲ್ಲ. 1902ರಲ್ಲೇ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹರಿದಿತ್ತು. ಶರಾವತಿಯ ಯೋಜನೆಗಳಿಗೆ ನೆಲ ಬಿಟ್ಟುಕೊಟ್ಟ ಕುಟುಂಬಗಳು ನಮ್ಮ ಸದಸ್ಯರಲ್ಲೂ ಇವೆ. ಆದರೆ ಆಗಿನ ಪದ್ಧತಿಯೆಲ್ಲ ಮೇಲಿನಿಂದ ಕೆಳಕ್ಕೆ. 1948ರ ವಿದ್ಯುಚ್ಛಕ್ತಿ ಸರಬರಾಜು ಕಾಯಿದೆಯ ಪ್ರಕಾರ ರಾಜ್ಯ ವಿದ್ಯುತ್ ಮಂಡಳಿಯ ಲಿಖಿತ ಒಪ್ಪಿಗೆ ಇಲ್ಲದೆ ಬೇರೆಯವರು ಹೊಸ ಉತ್ಪಾದನಾ ಕೇಂದ್ರ ಸ್ಥಾಪಿಸುವಂತಿರಲಿಲ್ಲ. 1991ರ ತಿದ್ದುಪಡಿ ಖಾಸಗಿಯವರಿಗೆ ದಾರಿ ಮಾಡಿತಾದರೂ ಅದು ದೊಡ್ಡ ಬಂಡವಾಳದವರ ದಾರಿ.

ನಿಜವಾದ ಬದಲಾವಣೆ 2003ರ ಜೂನ್ 10ರಂದು ಜಾರಿಗೆ ಬಂದ ವಿದ್ಯುಚ್ಛಕ್ತಿ ಕಾಯಿದೆಯಿಂದ. ಅದರ 7ನೆಯ ಕಲಮಿನಂತೆ, ಜಾಲಕ್ಕೆ ಸೇರುವ ತಾಂತ್ರಿಕ ಮಾನದಂಡ ಪಾಲಿಸಿದರೆ ವಿದ್ಯುತ್ ಉತ್ಪಾದನೆಗೆ ಲೈಸೆನ್ಸ್ ಬೇಕಿಲ್ಲ. 86ನೆಯ ಕಲಮು ಇನ್ನೂ ಮುಂದೆ ಹೋಗಿ, ನವೀಕರಿಸಬಹುದಾದ ಮೂಲಗಳ ವಿದ್ಯುತ್ತಿಗೆ ಜಾಲದ ಸಂಪರ್ಕ ಮತ್ತು ಮಾರಾಟದ ಅನುಕೂಲ ಕಲ್ಪಿಸುವುದನ್ನು ರಾಜ್ಯ ಆಯೋಗದ ಕರ್ತವ್ಯಗಳಲ್ಲೇ ಸೇರಿಸಿತು. ಸರಬರಾಜು ಕಂಪನಿ ತನ್ನ ಒಟ್ಟು ವಿದ್ಯುತ್ತಿನಲ್ಲಿ ಇಂತಿಷ್ಟು ಪಾಲನ್ನು ಇಂಥ ಮೂಲಗಳಿಂದ ಕೊಳ್ಳಬೇಕೆಂದು ಆಯೋಗ ನಿಗದಿ ಮಾಡಬೇಕೆಂದೂ ಹೇಳಿತು. ಸಣ್ಣ ಘಟಕಗಳ ಜೋಡಣೆಗೆ ಬೇಕಾದ ತಾಂತ್ರಿಕ ಮಾನದಂಡಗಳನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರ 2013ರಲ್ಲಿ ಪ್ರತ್ಯೇಕವಾಗಿ ಹೊರಡಿಸಿತು.

ಆದರೆ ದಿನಗಳ ಲೆಕ್ಕ ಬರಲು ಇನ್ನೂ ಕೆಲವು ವರ್ಷ ಬೇಕಾಯಿತು. ಅದರ ಮಧ್ಯೆ ನಮ್ಮ ರಾಜ್ಯದಲ್ಲಿ ನಡೆದ ಒಂದು ಪ್ರಕರಣವನ್ನು ಪ್ರತಿಯೊಬ್ಬ ಬೆಳೆಗಾರನೂ ತಿಳಿದಿರಬೇಕು.

8 ರೂಪಾಯಿ 40 ಪೈಸೆಯ ಪಾಠ

2014ರ ಸೌರ ನೀತಿಯ ನಂತರ, ಜಮೀನುಳ್ಳ ರೈತರು ತಮ್ಮ ನೆಲದಲ್ಲೇ 1ರಿಂದ 3 ಮೆಗಾವ್ಯಾಟ್ ಸೌರ ಘಟಕ ಹಾಕಬಹುದೆಂದು ರಾಜ್ಯ ಸರ್ಕಾರ ಯೋಜನೆ ತಂದಿತು. 2015ರಲ್ಲಿ ಸರಬರಾಜು ಕಂಪನಿಗಳೊಂದಿಗೆ ಒಪ್ಪಂದಗಳಾದವು. ದರ ಯೂನಿಟ್ಟಿಗೆ 8 ರೂ. 40 ಪೈಸೆ. ಇಂತಿಷ್ಟು ತಿಂಗಳೊಳಗೆ ಘಟಕ ಜಾಲಕ್ಕೆ ಸೇರಬೇಕೆಂಬ ಗಡುವು ಒಪ್ಪಂದದಲ್ಲೇ ಇತ್ತು.

ರೈತರು ಸಾಲ ತೆಗೆದರು, ಕೆಲಸಕ್ಕೆ ಇಳಿದರು. ಆದರೆ ಭೂಪರಿವರ್ತನೆ ಒಂದು ಇಲಾಖೆಯಲ್ಲಿ, ಲೈನಿಗೆ ಸೇರಿಸುವ ಅನುಮತಿ ಇನ್ನೊಂದು ಕಡೆ. ಕಾಗದಗಳು ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಗಡುವು ದಾಟಿತು. ಅಷ್ಟರಲ್ಲಿ ಫಲಕದ ಬೆಲೆ ಇಳಿದು ಹೊಸ ದರಗಳೂ ಇಳಿದಿದ್ದವು. ತಡವಾಗಿ ಸೇರಿದವರಿಗೆ ಹಳೆಯ ದರ ಇಲ್ಲವೆಂಬ ತೀರ್ಮಾನ ಬಂತು. ಹಿರೇಹಳ್ಳಿ ಎಂಬ ಹೆಸರಿನ ಘಟಕದ ಪ್ರಕರಣದಲ್ಲಿ ರಾಜ್ಯ ಆಯೋಗ ದರವನ್ನು 6 ರೂ. 51 ಪೈಸೆಗೆ ಇಳಿಸಿತು. ಮೇಲ್ಮನವಿ ನ್ಯಾಯಮಂಡಳಿ 8 ರೂ. 40 ಪೈಸೆಯನ್ನೇ ಎತ್ತಿಹಿಡಿಯಿತು. ವಿಳಂಬ ಉತ್ಪಾದಕರ ಕೈಮೀರಿದ ಕಾರಣಗಳಿಂದ ಆದದ್ದೆಂದು ಒಪ್ಪಿ ಸರ್ವೋಚ್ಚ ನ್ಯಾಯಾಲಯವೂ 2024ರ ಆಗಸ್ಟಿನಲ್ಲಿ ಅದನ್ನೇ ಕಾಯಂ ಮಾಡಿತು.

ಗೆದ್ದರು, ನಿಜ. ಆದರೆ 2015ರ ಒಪ್ಪಂದಕ್ಕೆ ನ್ಯಾಯ ಸಿಕ್ಕಿದ್ದು 2024ರಲ್ಲಿ. ಒಂಬತ್ತು ವರ್ಷ ಕೋರ್ಟು ಸುತ್ತುವ ಶಕ್ತಿ ನಾಲ್ಕೆಕರೆ ತೋಟದವನಿಗೆ ಎಲ್ಲಿಂದ ಬರಬೇಕು? ಆ ಘಟಕಗಳವರನ್ನು ಕಾಪಾಡಿದ್ದು ಯಾವ ಅರ್ಜಿ ಯಾವ ದಿನ ಕೊಟ್ಟೆವು, ಯಾವ ಅನುಮತಿ ಯಾವ ದಿನ ಬಂತು ಎಂಬ ದಿನಾಂಕಸಹಿತ ಕಾಗದ. ಇದನ್ನು ನಮ್ಮ ಸದಸ್ಯರು ಗಟ್ಟಿಯಾಗಿ ನೆನಪಿಡಬೇಕು.

ಈಗ ನಮಗಿರುವ ಹಕ್ಕು

ಮನೆ, ಗೋದಾಮುಗಳ ಚಾವಣಿಯ ಘಟಕಗಳಿಗೆ ಪರಿಸ್ಥಿತಿ ಈಗ ಬಹಳ ಸುಧಾರಿಸಿದೆ. 2020ರ ಡಿಸೆಂಬರ್ ಕೊನೆಯಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳನ್ನು ಹೊರಡಿಸಿತು. ಕರೆಂಟು ಬಳಸುವವನು ತಾನೇ ತಯಾರಿಸಿ ಜಾಲಕ್ಕೆ ಕೊಡಲೂಬಹುದೆಂಬುದನ್ನು ಆ ನಿಯಮಗಳು ಹಕ್ಕಾಗಿ ಒಪ್ಪಿಕೊಂಡವು. ವಿಳಂಬಕ್ಕೆ ಪರಿಹಾರದ ಮಾತೂ ಅವುಗಳಲ್ಲಿದೆ. 2024ರ ಫೆಬ್ರವರಿಯ ತಿದ್ದುಪಡಿಯಿಂದ ನಮಗೆ ಮುಖ್ಯವಾದವು ಇವು:

1. 10 ಕಿಲೋವ್ಯಾಟ್‌ವರೆಗಿನ ಚಾವಣಿ ಸೌರ ಘಟಕದ ಅರ್ಜಿಗೆ ತಾಂತ್ರಿಕ ಸಾಧ್ಯತೆಯ ಪರೀಕ್ಷೆ ಬೇಕಿಲ್ಲ. ಅರ್ಜಿ ಒಪ್ಪಿಗೆಯಾದಂತೆಯೇ. ಮಂಜೂರಾದ ಲೋಡು ಕಡಿಮೆಯಿದ್ದರೆ ತಕ್ಕಷ್ಟು ಹೆಚ್ಚಿಸಿಕೊಡುವುದು ಸರಬರಾಜು ಕಂಪನಿಯ ಕೆಲಸ.

2. 10 ಕಿಲೋವ್ಯಾಟ್ ಮೀರಿದರೆ ಪರೀಕ್ಷೆಗೆ 15 ದಿನ. ಅಷ್ಟರಲ್ಲಿ ಮುಗಿಸದಿದ್ದರೆ ಒಪ್ಪಿಗೆ ಕೊಟ್ಟಂತೆ ಲೆಕ್ಕ.

3. 5 ಕಿಲೋವ್ಯಾಟ್‌ವರೆಗಿನ ಘಟಕಕ್ಕಾಗಿ ಲೈನು, ಟ್ರಾನ್ಸ್‌ಫಾರ್ಮರ್ ಬಲಪಡಿಸಬೇಕಾಗಿ ಬಂದರೆ ಖರ್ಚು ಸರಬರಾಜು ಕಂಪನಿಯದೇ.

4. ಘಟಕ ಸಿದ್ಧವಾದ ಮೇಲೆ ಅದನ್ನು ಚಾಲೂ ಮಾಡಿಕೊಡಲು ಕಂಪನಿಗೆ ಇದ್ದ 30 ದಿನದ ಅವಧಿ 15 ದಿನಕ್ಕೆ ಇಳಿದಿದೆ.

ಮೂರು ಪ್ರಶ್ನೆಗಳಿಗೂ ಇಲ್ಲಿ ಉತ್ತರವಿದೆ ಎಂಬುದನ್ನು ಓದುಗರು ಗಮನಿಸಬೇಕು. 1990ರಲ್ಲಿ ಜರ್ಮನರು ಬಿಟ್ಟದ್ದನ್ನು ನಾವು 2024ರಲ್ಲಿ, ಸಣ್ಣ ಚಾವಣಿಗಳ ಮಟ್ಟಿಗಾದರೂ, ತುಂಬಿದ್ದೇವೆ. ಇದರೊಂದಿಗೆ ಅದೇ ತಿಂಗಳು ಪ್ರಕಟವಾದ ಮನೆ ಚಾವಣಿಯ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2 ಕಿಲೋವ್ಯಾಟ್‌ಗೆ 60,000, 3 ಮತ್ತು ಹೆಚ್ಚಿನದಕ್ಕೆ 78,000 ರೂಪಾಯಿ ಕೇಂದ್ರ ಸಹಾಯಧನವೆಂದು ಗೊತ್ತುಮಾಡಲಾಯಿತು.

ಲೈನು ಸತ್ತರೆ ಫಲಕವೂ ಮೌನ

ಜೋಡಣೆಯ ನಿಯಮಗಳಲ್ಲಿ ಮಲೆನಾಡಿನವರು ಮುಖ್ಯವಾಗಿ ತಿಳಿಯಬೇಕಾದ ಒಂದು ಷರತ್ತಿದೆ. ಜಾಲಕ್ಕೆ ಕೂಡಿಸಿದ ಘಟಕ, ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಲ್ಲಬೇಕು. 'ಬಿಸಿಲು ಹೊಡೆಯುತ್ತಿದೆ, ಮಾಡಿನ ಮೇಲೆ ಫಲಕವಿದೆ, ಆದರೂ ಮನೆ ಕತ್ತಲು' ಎಂದು ದೂರುವವರಿದ್ದಾರೆ. ಇದು ಯಂತ್ರದ ದೋಷವಲ್ಲ. ಮುರಿದ ಕೊಂಬೆ ತೆಗೆಯಲು ಲೈನ್‌ಮನ್ ಕಂಬ ಹತ್ತಿದಾಗ ನಮ್ಮ ಮನೆಯಿಂದ ತಂತಿಗೆ ಕರೆಂಟು ಹರಿದರೆ ಅವನ ಪ್ರಾಣವೇ ಹೋಗುತ್ತದೆ. ಆದ್ದರಿಂದ ಈ ಷರತ್ತನ್ನು ಯಾವ ಉಪಾಯದಿಂದಲೂ ತಪ್ಪಿಸಕೂಡದು. ಕರೆಂಟು ಹೋದಾಗಲೂ ದೀಪ ಬೇಕೆನ್ನುವವರು ಬ್ಯಾಟರಿ ಸಹಿತವಾದ, ಲೈನಿನಿಂದ ತಾನಾಗಿ ಬೇರ್ಪಡುವ ಇನ್ವರ್ಟರನ್ನು ಮೊದಲೇ ಕೇಳಿ ಹಾಕಿಸಿಕೊಳ್ಳಬೇಕು. ಖರ್ಚು ಹೆಚ್ಚೆಂಬುದನ್ನೂ ತಿಳಿದಿರಬೇಕು.

ಇನ್ನು ಕಾಲದ ಲೆಕ್ಕ. ಒಳ್ಳೆಯ ಬಿಸಿಲಿನ ದಿನ 1 ಕಿಲೋವ್ಯಾಟ್ ಫಲಕದಿಂದ ಸುಮಾರು 4 ಯೂನಿಟ್ಟು ನಿರೀಕ್ಷಿಸಬಹುದು. ಪಲ್ಪರ್ ತಿರುಗುವ, ಅಡಿಕೆ ಸುಲಿಯುವ, ಹೂವಿಗೆ ಸ್ಪ್ರಿಂಕ್ಲರ್ ಹಾಯಿಸುವ ಡಿಸೆಂಬರಿನಿಂದ ಮಾರ್ಚ್‌ವರೆಗೆ ಬಿಸಿಲು ನಮ್ಮ ಕಡೆಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದ ಕೆಳಗೆ ಫಲಕಕ್ಕೆ ಹೆಚ್ಚು ಕೆಲಸವಿಲ್ಲ. ಮರದ ನೆರಳಿನ ಮಾಡುಗಳಿಗೂ ಇದೇ ಮಾತು. ಫಲಕ ಮಾರುವವರು ತೋರಿಸುವ ವರ್ಷದ ಲೆಕ್ಕ ಬಯಲುಸೀಮೆಯದ್ದೋ ನಮ್ಮ ಊರಿನದ್ದೋ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಗೃಹಜ್ಯೋತಿಯ ಮಿತಿಯೊಳಗೆ ಬಳಸುವ ಮನೆಗಳವರು, ಪಂಪಿಗೆ ಉಚಿತ ವಿದ್ಯುತ್ ಪಡೆಯುವ ಅಡಿಕೆ ಬೆಳೆಗಾರರು ತಮಗೆ ಉಳಿತಾಯ ಎಲ್ಲಿಂದ ಬರುತ್ತದೆಂದು ಮೊದಲು ಕೂತು ಲೆಕ್ಕ ಹಾಕಬೇಕು. ಬಿಲ್ಲು ಕಟ್ಟುವ ಗೋದಾಮು, ಅಂಗಡಿ, ಯಂತ್ರಗಳಿರುವವರಿಗೆ ಪ್ರಯೋಜನ ಹೆಚ್ಚು.

ಹಳ್ಳದ ಮಾತು ಬಾಕಿ

ಮಳೆಗಾಲದಲ್ಲಿ ಬಿಸಿಲಿಲ್ಲದಿದ್ದರೂ ನಮ್ಮ ಹಳ್ಳಗಳು ತುಂಬಿ ಹರಿಯುತ್ತವೆ. ಸೆಕೆಂಡಿಗೆ 20 ಲೀಟರ್ ನೀರು 30 ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿದರೆ ಅದರಲ್ಲಿರುವ ಶಕ್ತಿ ಸುಮಾರು 5.9 ಕಿಲೋವ್ಯಾಟ್. ಪೈಪು, ಟರ್ಬೈನುಗಳಲ್ಲಿ ಅರ್ಧ ಪೋಲಾಯಿತೆಂದರೂ ಸುಮಾರು 3 ಕಿಲೋವ್ಯಾಟ್ ಕೈಗೆ ಬರುತ್ತದೆ. ಹಗಲೂ ರಾತ್ರಿಯೂ ತಿರುಗುವುದರಿಂದ ದಿನಕ್ಕೆ 70 ಯೂನಿಟ್ಟು. ಅಷ್ಟೇ ಶಕ್ತಿಯ ಸೌರ ಫಲಕ ಒಳ್ಳೆಯ ಬಿಸಿಲಿನಲ್ಲಿ ಕೊಡುವುದು 12 ಯೂನಿಟ್ಟು. ಲೈನು ಬಾರದ ಕಾಲದಿಂದ ಇಂತಹ ಕಿರು ಟರ್ಬೈನು ಇಟ್ಟುಕೊಂಡ ಮನೆಗಳು ನಮ್ಮ ಘಟ್ಟದ ಅಂಚಿನಲ್ಲಿ ಇವೆ. ಮನೆಯ ದೀಪಕ್ಕೆ ಸಾಕಾಗಿ ಮಿಕ್ಕದ್ದನ್ನು ಅವರು ಸುಮ್ಮನೆ ನೀರು ಕಾಯಿಸಿ ಕಳೆಯುತ್ತಾರೆ.

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2016ರಲ್ಲಿ ತಂದ ಜೋಡಣೆಯ ನಿಯಮಾವಳಿ, ಅದರ ಹೆಸರೇ ಹೇಳುವಂತೆ, ಚಾವಣಿಯ ಸೌರ ಘಟಕಗಳಿಗೆ. ಕೇಂದ್ರದ 2024ರ ಮೇಲಿನ ಸೌಲಭ್ಯಗಳೂ ಚಾವಣಿಯ ಸೌರಕ್ಕೇ. ಜರ್ಮನಿಯಲ್ಲಿ ಹಳ್ಳದವರಿಂದ ಹುಟ್ಟಿದ ಹಕ್ಕು ನಮ್ಮಲ್ಲಿ ಮಾಡಿನಿಂದ ಆರಂಭವಾಗಿದೆ. ನೀರು ಕೆಳಗಿನ ತೋಟದವರದೂ ಹೌದು, ಮೀನು-ಏಡಿಗಳದೂ ಹೌದು. ಆದ್ದರಿಂದ ಅಣೆ ಕಟ್ಟಿ ಹಳ್ಳವನ್ನು ತಿರುಗಿಸುವ ದೊಡ್ಡ ಯೋಜನೆಗಳ ಪರವಾಗಿ ನಾವು ಮಾತಾಡುತ್ತಿಲ್ಲ. ಹರಿಯುವ ನೀರನ್ನು ಅಷ್ಟು ದೂರ ಪೈಪಿನಲ್ಲಿ ಇಳಿಸಿ ಅದೇ ಹಳ್ಳಕ್ಕೆ ಬಿಡುವ, 10 ಕಿಲೋವ್ಯಾಟ್‌ನೊಳಗಿನ ಘಟಕಗಳಿಗೆ ಚಾವಣಿಯ ಸೌರಕ್ಕಿರುವಷ್ಟೇ ಸರಳ ಜೋಡಣೆ ಬೇಕೆಂಬುದು ನ್ಯಾಯವಾದ ಬೇಡಿಕೆ. ಆಯೋಗವು ದರ ಪರಿಷ್ಕರಣೆಗೆ ಮೊದಲು ಸಾರ್ವಜನಿಕರ ಆಕ್ಷೇಪ, ಸಲಹೆ ಕೇಳಿ ವಿಚಾರಣೆ ನಡೆಸುತ್ತದೆ. ಅಲ್ಲಿ ಮಾತಾಡುವವರಲ್ಲಿ ನಗರದ ಕೈಗಾರಿಕೆಯವರೇ ಹೆಚ್ಚು. ನಮ್ಮ ಮಾತು ಅಲ್ಲಿ ದಾಖಲಾಗಬೇಕು.

ಸದಸ್ಯರು ಮಾಡಬೇಕಾದದ್ದು

ಮೊದಲನೆಯದಾಗಿ, ಅರ್ಜಿಯನ್ನು ಬಾಯಿಮಾತಿನಲ್ಲಿ ಕೊಡಬೇಡಿ. ಕಳೆದ ವರ್ಷ ನಮ್ಮ ಸದಸ್ಯರೊಬ್ಬರು ಕಚೇರಿಯೊಂದರಲ್ಲಿ ಕಾಗದ ಕೊಟ್ಟು ಬಂದು ಐದು ತಿಂಗಳು ಕಾದರು. ಸ್ವೀಕೃತಿ ಇಲ್ಲದ್ದರಿಂದ ಕೊಟ್ಟದ್ದನ್ನೇ ಸಾಧಿಸಲಾಗದೆ ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಹದಿನೈದು ದಿನದ ಲೆಕ್ಕ ಶುರುವಾಗುವುದೇ ಅರ್ಜಿಯ ದಿನಾಂಕದಿಂದ.

ಎರಡನೆಯದಾಗಿ, ಅರ್ಜಿಗೆ ಮುಂಚೆ ನಿಮ್ಮ ಆರ್.ಆರ್. ನಂಬರು, ಮಂಜೂರಾದ ಲೋಡು, ಸಿಂಗಲ್ ಫೇಸೋ ತ್ರೀ ಫೇಸೋ, ಯಾವ ಟ್ರಾನ್ಸ್‌ಫಾರ್ಮರಿನ ಕೆಳಗಿದ್ದೀರಿ, ಅದು ಎಷ್ಟು ಕೆ.ವಿ.ಎ. ಎಂಬುದನ್ನು ಬರೆದಿಟ್ಟುಕೊಳ್ಳಿ. ತೀರಿಹೋದ ಹಿರಿಯರ ಹೆಸರಿನಲ್ಲೇ ಮೀಟರಿದ್ದರೆ ಮೊದಲು ಹೆಸರು ಬದಲಾಯಿಸಿಕೊಳ್ಳಿ.

ಮೂರನೆಯದಾಗಿ, ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ದರ ಎಷ್ಟು ಎಂಬುದರ ಜೊತೆಗೆ ಯಾವ ದಿನಾಂಕದ ದರ, ಗಡುವು ಯಾವುದು, ಗಡುವು ದಾಟಿದರೆ ಏನಾಗುತ್ತದೆ ಎಂಬ ಸಾಲುಗಳನ್ನು ಓದಿಸಿಕೊಂಡು ಕೇಳಿ. ಅರ್ಥವಾಗದಿದ್ದರೆ ಸಂಘಕ್ಕೆ ತನ್ನಿ.

ನಾಲ್ಕನೆಯದು ಸಂಘದ ಕೆಲಸ. ಟ್ರಾನ್ಸ್‌ಫಾರ್ಮರಿನಲ್ಲಿರುವ ಜಾಗ ಎಲ್ಲರಿಗೂ ಸೇರಿದ್ದು. ಒಬ್ಬರು ಹತ್ತು ಕಿಲೋವ್ಯಾಟ್ ಹಾಕಿ ಉಳಿದವರಿಗೆ ಜಾಗವಿಲ್ಲದಂತೆ ಆಗುವುದಕ್ಕಿಂತ, ಒಂದೇ ಟ್ರಾನ್ಸ್‌ಫಾರ್ಮರಿನ ಕೆಳಗಿನವರು ಮೊದಲೇ ಮಾತಾಡಿ ಮೂರು ಮೂರು ಕಿಲೋವ್ಯಾಟ್ ಹಂಚಿಕೊಂಡರೆ ಒಳ್ಳೆಯದು. 5 ಕಿಲೋವ್ಯಾಟ್‌ನೊಳಗಿನ ಅರ್ಜಿಗಳು ಒಟ್ಟಾಗಿ ಹೋದರೆ ಟ್ರಾನ್ಸ್‌ಫಾರ್ಮರ್ ದೊಡ್ಡದು ಮಾಡಿಕೊಡಿರೆಂದು ಕೇಳಲು ನಿಯಮದ ಬಲವೂ ಇದೆ. ಅಂತಹ ಬದಲಾವಣೆಯಿಂದ ಫಲಕ ಹಾಕದವರ ಮನೆಯ ಸಂಜೆಯ ವೋಲ್ಟೇಜೂ ಸುಧಾರಿಸುತ್ತದೆ. ಈ ಕಾರಣಕ್ಕೆ ಸಂಘದ ಕಚೇರಿಯಲ್ಲಿ ಟ್ರಾನ್ಸ್‌ಫಾರ್ಮರ್‌ವಾರು ಒಂದು ರಿಜಿಸ್ಟರ್ ತೆರೆಯುತ್ತಿದ್ದೇವೆ. ಆಸಕ್ತರು ಇತ್ತೀಚಿನ ವಿದ್ಯುತ್ ಬಿಲ್ಲಿನೊಂದಿಗೆ ಬಂದು ಹೆಸರು ಬರೆಸಬಹುದು. ಹಳ್ಳದ ಟರ್ಬೈನು ಇರುವವರು ನೀರು ಎಷ್ಟು ತಿಂಗಳು ಇರುತ್ತದೆ, ಇಳಿಜಾರು ಎಷ್ಟು, ಈಗ ಎಷ್ಟು ದೀಪ ಉರಿಯುತ್ತದೆ ಎಂಬ ವಿವರವನ್ನು ಪ್ರತ್ಯೇಕ ಹಾಳೆಯಲ್ಲಿ ಕೊಟ್ಟರೆ, ಆಯೋಗದ ಮುಂದಿನ ವಿಚಾರಣೆಗೆ ಅಂಕಿ-ಅಂಶಗಳ ಸಮೇತ ಮನವಿ ಸಲ್ಲಿಸಲು ಅನುಕೂಲವಾಗುತ್ತದೆ. ಸಂಘದ ವ್ಯಾಪ್ತಿಯ ಪ್ರತಿ ಊರಿನಿಂದ ಒಬ್ಬರಾದರೂ ಈ ವಿವರ ಕೊಡಬೇಕೆಂದು ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ.